ಕೆಸರಲ್ಲ, ಗಾರೆ

ಅಲಾಸ್ಕದ ಡಾಲ್ಟನ್ ಹೈವೇಯಲ್ಲಿ ಮಳೆ ಶುರುವಾದರೆ ಬೈಕ್ ಬದಿಗೆ ಹಾಕಿ ಸುಮ್ನೆ ಕೂತುಬಿಡಿ. ಈ ಮಾತನ್ನು ನಮಗೂ ಒಬ್ಬರು ಹೇಳಿದ್ದರು. ನಾವು ಕೇಳಲಿಲ್ಲ.

ಸಿಯಾಟಲ್‌ನಲ್ಲಿ ಕೆಲಸ ಮಾಡುವ ಮೂವರು ನಾವು. ಹಾಸನದವನೊಬ್ಬ, ಧಾರವಾಡದವನೊಬ್ಬ, ಜೊತೆಗೆ ನಾನು. ಜೂನ್ ಕೊನೆಗೆ ಫೇರ್‌ಬ್ಯಾಂಕ್ಸ್‌ಗೆ ಹೋಗಿ ಮೂರು ಬೈಕ್ ಬಾಡಿಗೆಗೆ ತಗೊಂಡೆವು. ಅಲ್ಲಿಂದ ಉತ್ತರಕ್ಕೆ, ರಸ್ತೆ ಮುಗಿಯುವ ಡೆಡ್‌ಹಾರ್ಸ್‌ಗೆ ಸುಮಾರು 800 ಕಿ.ಮೀ. ಅದರಲ್ಲಿ 666 ಕಿ.ಮೀ. ಡಾಲ್ಟನ್ ಹೈವೇ. ಹೆಸರು ಮಾತ್ರ ಹೈವೇ, ಜಾಸ್ತಿ ಪಾಲು ಜಲ್ಲಿ ಮತ್ತು ಮಣ್ಣು. ಎಣ್ಣೆ ಪೈಪ್‌ಲೈನಿನ ಸಾಮಾನು ಸಾಗಿಸಲು 1974ರಲ್ಲಿ ಐದೇ ತಿಂಗಳಲ್ಲಿ ಮಾಡಿದ ರಸ್ತೆ ಇದು. ಕೊನೆಯ ತನಕ ನಮ್ಮಂಥವರನ್ನು ಬಿಟ್ಟಿದ್ದು 1994ರಲ್ಲಿ. ಈಗಲೂ ಇಲ್ಲಿ ಟ್ರಕ್ಕುಗಳದ್ದೇ ದರ್ಬಾರು. ಎದುರಿಗೆ ಒಂದು ಬಂತೆಂದರೆ ನಾವು ಬಲಕ್ಕೆ ಸರಿದು, ತಲೆ ತಗ್ಗಿಸಿ, ಸಿಡಿಯುವ ಕಲ್ಲುಗಳಿಗೆ ಹೆಲ್ಮೆಟ್ ಒಡ್ಡಬೇಕು.

ಯೂಕಾನ್ ನದಿಯ ಸೇತುವೆ ದಾಟಿ, ಪೆಟ್ರೋಲ್ ತುಂಬಿಸಿ ಹೊರಟೆವು. ಟ್ರಕ್ ಡ್ರೈವರ್‌ಗಳು 'ರೋಲರ್ ಕೋಸ್ಟರ್' ಅನ್ನುವ ಇಳಿಜಾರಿನ ಹತ್ತಿರ ಮಳೆ ಹಿಡಿಯಿತು. ಧೂಳು ಏಳಬಾರದೆಂದು ಈ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಒದ್ದೆಯಾದರೆ ಅದು ಸಾಬೂನು, ಒಣಗಿದರೆ ಗಾರೆ. ಧಾರವಾಡದವನ ಬೈಕ್ ನಿಧಾನಕ್ಕೆ, ಎಮ್ಮೆ ಮಲಗುವ ಹಾಗೆ, ಮಗ್ಗುಲಾಯಿತು.

"ನನಗೇನೂ ಆಗಿಲ್ಲಲೇ, ಮೊದಲ ಗಾಡಿ ಎತ್ರಿ!" ಅಂತ ಕೆಸರಿನಲ್ಲಿ ಕೂತೇ ಕೂಗಿದ.

ಎತ್ತಲು ಹೋದ ನಾವಿಬ್ಬರೂ ಜಾರಿ ಬಿದ್ದೆವು. ಆಗ ಒಂದು ಟ್ರಕ್ ನಿಂತಿತು. ಡ್ರೈವರ್ ಇಳಿದು ಬಂದು ಬೈಕ್ ಎತ್ತಿಸಿದ. ಒಂದು ಕ್ಯಾನ್ ನೀರು ಕೊಟ್ಟು, "ರೇಡಿಯೇಟರ್ ಇವತ್ತೇ ತೊಳೀರಿ, ನಾಳೆಗೆ ಉಳಿ ಬೇಕಾಗುತ್ತೆ" ಅಂದ. ತಮಾಷೆ ಅಂದುಕೊಂಡೆವು. ಒಂದು ಗಂಟೆಯಲ್ಲಿ ನನ್ನ ಬೈಕಿನ ಟೆಂಪರೇಚರ್ ದೀಪ ಹತ್ತಿತು. ರೇಡಿಯೇಟರ್ ಇದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಹಲಗೆ ಇತ್ತು. ಊಟದ ಚಮಚದಲ್ಲಿ ಕೆರೆದೆವು.

ಬೇಸಿಗೆಯಲ್ಲಿ ರಾತ್ರಿಯೂ ಸೂರ್ಯ ಮುಳುಗದ ನಾಡು ಶುರುವಾಗುವ ಗೆರೆ ಆರ್ಕ್‌ಟಿಕ್ ವೃತ್ತ. ಅದರ ಬೋರ್ಡಿನ ಎದುರು ಫೋಟೋ ಆಯಿತು, ಅಷ್ಟೇ. ಸೊಳ್ಳೆಗಳು ನಿಲ್ಲಲು ಬಿಡಲಿಲ್ಲ. ನಮ್ಮ ಮಲೆನಾಡಿನ ಸೊಳ್ಳೆಗಳಿಗೆ ಸ್ವಲ್ಪ ನಾಚಿಕೆ ಇದೆ, ಇವಕ್ಕಿಲ್ಲ.

ಟ್ರಕ್ಕುಗಳು ತಂಗುವ ಕೋಲ್ಡ್‌ಫುಟ್‌ನ ಹತ್ತಿರ ಟೆಂಟ್ ಹಾಕಿದಾಗ ರಾತ್ರಿ ಹನ್ನೊಂದೂವರೆ. ಬೆಳಕು ಸಂಜೆ ನಾಲ್ಕರದ್ದು. "ಮಗಾ, ಈಗ ಊಟನಾ, ತಿಂಡಿನಾ?" ಅಂತ ಹಾಸನದವನ ಪ್ರಶ್ನೆ. ಬ್ರೆಡ್ಡಿಗೆ ಪುಳಿಯೋಗರೆ ಗೊಜ್ಜು ಸವರಿ ತಿಂದೆವು. ಉಳಿದ ಗೊಜ್ಜನ್ನು ಕರಡಿಯ ಭಯಕ್ಕೆ ಟೆಂಟಿನಿಂದ ದೂರ ಇಟ್ಟು ಬಂದ ಅವನ ಮುಖ ನೋಡಬೇಕಿತ್ತು.

ಅಲ್ಲಿಂದ ಮುಂದೆ 386 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ. ಕ್ಯಾನ್‌ಗಳನ್ನು ಕಟ್ಟಿಕೊಂಡು 1,444 ಮೀಟರ್ ಎತ್ತರದ ಅಟಿಗನ್ ಪಾಸ್ ಹತ್ತಿದೆವು. ಮರಗಳು ಅದಕ್ಕೂ ಮೊದಲೇ ಮುಗಿದಿದ್ದವು. ಆಚೆ ಇಳಿದರೆ ಬರೀ ಬಯಲು. ಜೊತೆಗಿರುವುದು ಪೈಪ್‌ಲೈನ್ ಒಂದೇ. ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತೆ. ಬಿಸಿ ಎಣ್ಣೆಯ ಪೈಪನ್ನು ಅದರಲ್ಲಿ ಹೂತರೆ ನೆಲ ಕರಗಿ ಕುಸಿಯುತ್ತೆ. ಅದಕ್ಕೇ ಎಷ್ಟೋ ದೂರ ಅದನ್ನು ಕಂಬಗಳ ಮೇಲೆ ಒಯ್ದಿದ್ದಾರೆ. ಬಿಸಿಗೆ ಹಿಗ್ಗಿದಾಗ ಸರಿದಾಡಲು ಜಾಗ ಬೇಕಲ್ವಾ, ಹಾಗಾಗಿ ಡೊಂಕು ಡೊಂಕಾಗಿ ಎಳೆದಿದ್ದಾರೆ. ಗಂಟೆಗಟ್ಟಲೆ ಅದನ್ನೇ ನೋಡುತ್ತಾ ಓಡಿಸಿದೆ. ಬೇಜಾರಾಗಲಿಲ್ಲ.

ಡೆಡ್‌ಹಾರ್ಸ್ ಊರಲ್ಲ, ಎಣ್ಣೆ ಕೆಲಸಗಾರರ ಶೆಡ್ಡುಗಳ ಗುಂಪು. ಸಮುದ್ರ ಇನ್ನೂ ಕೆಲವು ಕಿ.ಮೀ. ಆಚೆ. ಎಣ್ಣೆ ಬಾವಿಗಳ ಜಾಗ ದಾಟಬೇಕಾದ್ದರಿಂದ ಟೂರ್ ಗಾಡಿಯಲ್ಲೇ ಹೋಗಬೇಕು. ಅದಕ್ಕೆ ಒಂದು ದಿನ ಮೊದಲೇ ಹೆಸರು ಕೊಡಬೇಕಂತೆ. ನಾವು ಕೊಟ್ಟಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಪ್ಪು ಯಾರದ್ದು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಬೈಕ್‌ಗಳನ್ನು ದಕ್ಷಿಣಕ್ಕೆ ತಿರುಗಿಸಿದೆವು. ಧಾರವಾಡದವನು ಬೆಟ್ಟಗಳ ಕಡೆ ಕೈ ತೋರಿಸಿದ. ಮೋಡ ಕಟ್ಟುತ್ತಿತ್ತು. ಚಮಚವನ್ನು ಜೇಬಿಗೆ ಹಾಕಿಕೊಂಡೆ.