ಕಪ್ಪು ಕಾಂಟೆಸ್ಸಾದ ಫೋಟೊ: ಹಿರೇಹಳ್ಳಿ ಶೆಡ್ಡಿನಲ್ಲಿ ಇಲ್ಲಿಯವರೆಗೆ ಆಗಿದ್ದು

ಟಿಂಕರಿಂಗ್, ಪೇಂಟ್, ಕ್ರೋಮ್, ಸೀಟಿನ ಹೊಲಿಗೆ ಎಲ್ಲ ಮುಗಿದು ಗಾಡಿ ಈಗ ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಖಾಲಿ ಶೆಡ್ಡೊಂದರಲ್ಲಿ ನಿಂತಿದೆ. ಬಾಕಿ ಇರುವುದು ಫೋಟೊ. ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾಕ್ಕೆ ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್‌ನ ಮೈಕಟ್ಟು. ಇದು 1.8 ಲೀಟರ್ ಇಸುಜು ಎಂಜಿನ್ನಿನದು, ತಳ್ಳುವುದು ಹಿಂದಿನ ಚಕ್ರ. ಅಮೆರಿಕದ ಎಂಟು ಸಿಲಿಂಡರಿನ ವಿ8 ಗಾಡಿಗಳ ಪಕ್ಕ ಈ ಎಂಜಿನ್ ಮಗು. ಆದರೂ ನಮ್ಮಲ್ಲಿ ಇದನ್ನು ಮಸಲ್ ಕಾರ್, ಅಂದರೆ ಕಸುವಿನ ಗಾಡಿ, ಅನ್ನುವುದು ಉದ್ದ ಬಾನೆಟ್, ಅಗಲ ಮೂತಿ, ಚಪ್ಪಟೆ ಡಿಕ್ಕಿ ನೋಡಿ. ಫೋಟೊದಲ್ಲಿ ಬರಬೇಕಾದ್ದೂ ಆ ಮೂರೇ.

ಕಷ್ಟವೂ ಅಲ್ಲೇ. ಚಪ್ಪಟೆ ತಗಡಿಗೆ ಕಪ್ಪು ಬಣ್ಣ ಹೊಡೆದು ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಕೊಟ್ಟರೆ ಅದು ಕನ್ನಡಿ. ಬಿಳಿ ಅಂಬಾಸಿಡರ್ ಆಗಿದ್ದರೆ ಬಿದ್ದ ಬೆಳಕನ್ನು ನಾಲ್ಕೂ ಕಡೆ ಚೆಲ್ಲಿ ಹೇಗೋ ಕಾಣಿಸಿಕೊಳ್ಳುತ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ಮೇಲಿನ ಕ್ಲಿಯರ್ ಕೋಟ್ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಓರೆಯಾಗಿ ಬಿದ್ದಷ್ಟೂ ಸ್ವಲ್ಪ ಜಾಸ್ತಿ. ಆ ನಾಲ್ಕೈದು ಪಾಲಿನಲ್ಲಿ ಕಾಣುವುದು ಎದುರಿಗೆ ಏನಿದೆಯೋ ಅದು. ಹಾಗಾಗಿ ಲೈಟನ್ನು ಗಾಡಿಗೆ ಹಿಡಿದರೆ ಡೋರಿನ ಮೇಲೆ ಲೈಟಿನದೇ ಚುಕ್ಕಿ ಬೀಳುತ್ತದೆ, ಅಷ್ಟೆ. ಹಿಡಿಯಬೇಕಾದ್ದು ಗಾಡಿ ನೋಡುತ್ತಿರುವ ಜಾಗಕ್ಕೆ.

ಮೊದಲು ತೊಳೆತ

ಇಲ್ಲಿನ ಬೋರ್ ನೀರು ಗಡಸು. ಶಾಂಪೂ ಹಾಕಿ ತೊಳೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಕೊನೆಯ ನೀರು ಅದೇ ಆದರೆ ಹನಿ ಒಣಗಿದ ಕಡೆಯೆಲ್ಲ ಬಿಳಿ ಉಂಗುರ ನಿಲ್ಲುತ್ತದೆ. ಕೊನೆಗೆ 20 ಲೀಟರ್‌ನ ಒಂದು ಕ್ಯಾನ್ ಫಿಲ್ಟರ್ ನೀರನ್ನು ಮೇಲಿನಿಂದ ನಿಧಾನಕ್ಕೆ ಸುರಿದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ತೆಗೆದದ್ದಾಯಿತು, ಉಜ್ಜಿದರೆ ಗೀರು. ಡಿಕ್ಕಿಯ ಮೇಲೆ ಮೊದಲೇ ಕೂತಿದ್ದ ಉಂಗುರಗಳಿಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ, ಕೂಡಲೇ ತೊಳೆದದ್ದಕ್ಕೆ ಹೋದವು. ಪೇಂಟ್ ಹೊಸದು, ಒಳಗಿನ ಥಿನ್ನರ್ ಇನ್ನೂ ಆರುತ್ತಿರುತ್ತದೆ, ಅದಕ್ಕೆ ವ್ಯಾಕ್ಸ್ ಹಚ್ಚಿಲ್ಲ.

ಟೈರಿಗೆ ಹೊಳಪಿನ ಪಾಲಿಷ್ ಬೇಡ. ಫೋಟೊದಲ್ಲಿ ಒದ್ದೆ ರಬ್ಬರಿನಂತೆ ಕಾಣುತ್ತದೆ, ನೋಡುವವರ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಬೆರಳಚ್ಚು ಬಿದ್ದ ಕ್ರೋಮ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆ ಸಾಕು. ಧೂಳು ಮಾತ್ರ ಮುಗಿಯದ ಕೆಲಸ: ಶೆಡ್ಡಿನ ಬಾಗಿಲು ಒಮ್ಮೆ ತೆಗೆದು ಹಾಕಿದರೆ ಹತ್ತು ನಿಮಿಷದಲ್ಲಿ ಬಾನೆಟ್ ಬೂದಿ ಬೂದಿ. ನೆಲಕ್ಕೆ ನೀರು ಹೊಡೆದ ಮೇಲೆ ಹತೋಟಿಗೆ ಬಂತು.

ಚಪ್ಪರ: ಪೆಂಡಾಲ್ ಬಟ್ಟೆ ಸೋತಿತು, ಫ್ಲೆಕ್ಸ್ ಗೆದ್ದಿತು

ಗಾಡಿ ಸುಮಾರು 15 ಅಡಿ ಉದ್ದ, ಐದೂವರೆ ಅಡಿ ಚಿಲ್ಲರೆ ಅಗಲ. ಅದರ ತಲೆಯ ಮೇಲೆ ಅದಕ್ಕಿಂತ ದೊಡ್ಡ ಬಿಳಿ ಆಕಾಶ ಕಟ್ಟಬೇಕು. ಮೊದಲ ರಾತ್ರಿ ಶಾಮಿಯಾನದವರ ಹತ್ತಿರ ತಂದ ಬಿಳಿ ಬಟ್ಟೆ ಕಟ್ಟಿದ್ದೆವು. ಕಣ್ಣಿಗೆ ಚೆನ್ನಾಗಿತ್ತು. ಫೋಟೊ ದೊಡ್ಡದು ಮಾಡಿ ನೋಡಿದರೆ ಬಟ್ಟೆಯ ಹೊಲಿಗೆಗಳೆಲ್ಲ ರೂಫಿನ ಮೇಲೆ ಅಡ್ಡಗೆರೆಗಳಾಗಿ ಕೂತಿದ್ದವು, ಪ್ರತಿ ನಿರಿಗೆಯೂ ತಗಡಿನ ಡೊಂಕಿನಂತೆ ಕಾಣುತ್ತಿತ್ತು. ಇಷ್ಟು ತಿಂಗಳು ಡೆಂಟ್ ತೆಗೆದು ಕೊನೆಗೆ ಬಟ್ಟೆಯಿಂದ ಡೆಂಟ್ ತಂದುಕೊಂಡ ಹಾಗೆ.

ಎರಡನೇ ರಾತ್ರಿಗೆ ಪ್ರಿಂಟ್ ಹಾಕದ ಬಿಳಿ ಫ್ಲೆಕ್ಸ್. ಬ್ಯಾನರ್ ಅಂಗಡಿಗಳಲ್ಲಿ 10 ಅಡಿ ಅಗಲದ ರೋಲ್ ಇರುತ್ತದೆ, 20 ಅಡಿ ಉದ್ದ ಕತ್ತರಿಸಿಕೊಂಡರೆ ನಡುವೆ ಜೋಡಣೆಯೇ ಇಲ್ಲ. ಉದ್ದದ ಎರಡೂ ಅಂಚಿಗೆ ಪೈಪ್ ತೂರುವ ಪಾಕೆಟ್ ಅಂಟಿಸಿಕೊಡಿ ಅಂದರೆ ಅಂಗಡಿಯಲ್ಲೇ ಮಾಡುತ್ತಾರೆ. ಒಂದಿಂಚಿನ ಜಿಐ ಪೈಪ್ ಬರುವುದೇ 20 ಅಡಿ ಉದ್ದ, ಹಾಗಾಗಿ ಅಲ್ಲೂ ಜಾಯಿಂಟ್ ಇಲ್ಲ. ತರುವಾಗ ಮಡಚಬಾರದು, ಪೈಪಿಗೇ ಸುತ್ತಿಕೊಂಡು ಬರಬೇಕು. ಒಮ್ಮೆ ಮಡಚಿದ ಗೆರೆ ಮತ್ತೆ ಹೋಗುವುದಿಲ್ಲ, ಅದೂ ಬಾನೆಟ್ ಮೇಲೆ ಬಂದು ಕೂರುತ್ತದೆ.

ಶೆಡ್ಡಿನ ಛಾವಣಿ ಹೊತ್ತ ಟ್ರಸ್‌ಗೆ ನಾಲ್ಕು ಮೂಲೆಯಿಂದ ನೈಲಾನ್ ಹಗ್ಗ ಕಟ್ಟಿ, ನೆಲದಿಂದ 9 ಅಡಿಗೆ ನಿಲ್ಲಿಸಿದೆವು. ಫ್ಲೆಕ್ಸ್ ತೂಕ ಐದಾರು ಕೆ.ಜಿ. ಅಷ್ಟೇ, ಆದರೆ ಪೈಪ್ ಜಾರಿದರೆ ಬೀಳುವುದು ಹೊಸ ಪೇಂಟಿನ ಮೇಲೆ. ಪ್ರತಿ ಮೂಲೆಗೂ ಎರಡನೇ ಹಗ್ಗ ಬೇಕು, ಎತ್ತುವಾಗ ಇಳಿಸುವಾಗ ಗಾಡಿ ಕೆಳಗಿರಬಾರದು. ನಡುವೆ ಜೋಲು ಬಿದ್ದಾಗ ಎರಡು ಪೈಪ್‌ಗಳನ್ನೂ ಹೊರಕ್ಕೆ ಎಳೆದು ಗೋಡೆಯ ಕಂಬಕ್ಕೆ ಬಿಗಿದರೆ ಚಪ್ಪಟೆಯಾಗುತ್ತದೆ.

ಲೈಟು ನಾಲ್ಕು, ತಲಾ 50 ವ್ಯಾಟ್‌ನ ಎಲ್‌ಇಡಿ ಫ್ಲಡ್. ನಾಲ್ಕು ಮೂಲೆಯಲ್ಲಿ 6 ಅಡಿ ಸ್ಟ್ಯಾಂಡ್ ಮೇಲೆ, ಮುಖ ಮೇಲಕ್ಕೆ, ಫ್ಲೆಕ್ಸಿನ ನಡುವಿಗೆ. ಗಾಡಿಯ ಕಡೆಗೆ ಕಪ್ಪು ರಟ್ಟು ಅಡ್ಡ ಇಟ್ಟರೆ ಬಲ್ಬು ತಾನಾಗಿ ಎಲ್ಲೂ ಪ್ರತಿಫಲಿಸುವುದಿಲ್ಲ. ನಾಲ್ಕೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಲಿ. ಬೆಳಕಿನ ಬಣ್ಣದ ಅಳತೆ ಪೆಟ್ಟಿಗೆಯ ಮೇಲೆ ಎಲ್ಲದರಲ್ಲೂ 6500 ಕೆಲ್ವಿನ್ ಅಂತಲೇ ಬರೆದಿರುತ್ತದೆ. ಹೊತ್ತಿಸಿ ನೋಡಿದರೆ ಒಂದು ನೀಲಿ, ಒಂದು ಹಸಿರು. ಕಪ್ಪು ಗಾಡಿಯಲ್ಲಿ ಆ ವ್ಯತ್ಯಾಸ ಅಡಗಿಸಲು ಬಣ್ಣವೇ ಇಲ್ಲ.

ಚಪ್ಪರವನ್ನು ಗಾಡಿಯ ನೇರ ಮೇಲೆ ಕಟ್ಟಿದಾಗ ಬೆಳಕಿನ ಗೆರೆ ಕಿಟಕಿಯ ಕೆಳಗೇ ನಿಂತು ಡೋರ್ ಪೂರ್ತಿ ಕತ್ತಲಾಗಿತ್ತು. ಕ್ಯಾಮೆರಾ ಕಡೆಗೆ 2 ಅಡಿ ಸರಿಸಿದ ಮೇಲೆ ಗೆರೆ ಇಳಿದು ಹೆಡ್‌ಲೈಟಿನಿಂದ ಡಿಕ್ಕಿಯವರೆಗೆ ಹೋಗುವ ಏಣಿನ ಮೇಲೆ ಕೂತಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಎರಡು ಅಡಿ.

ಡೋರಿನ ಕೆಳಭಾಗ ನೋಡುವುದು ನೆಲವನ್ನು ಮತ್ತು ಕ್ಯಾಮೆರಾ ಹಿಂದಿನ ಗೋಡೆಯನ್ನು. ಒಣ ಸಿಮೆಂಟು ನೆಲ ಬೂದು ಮಸುಕು ಕೊಡುತ್ತದೆ. ಎರಡು ಬಕೆಟ್ ನೀರು ಚೆಲ್ಲಿ ಪೊರಕೆಯಲ್ಲಿ ಎಳೆದರೆ ನೆಲ ಕಪ್ಪಾಗುತ್ತದೆ, ಆದರೆ ತಗ್ಗಿನಲ್ಲಿ ನೀರು ನಿಂತರೆ ಅದರಲ್ಲಿ ಫ್ಲೆಕ್ಸಿನ ತುಂಡು ಕಾಣುತ್ತದೆ, ಅದನ್ನು ಗುಡಿಸಿ ತೆಗೆಯಬೇಕು. ಶಟರ್ ಬಾಗಿಲಿನ ಸಂದಿನಿಂದ ಬೀದಿದೀಪ ಬಂದು ಹಿಂದಿನ ಡೋರಿನಲ್ಲಿ ಉದ್ದ ಬಿಳಿ ಗೀರಾಗಿತ್ತು. ಕಪ್ಪು ಟಾರ್ಪಾಲ್ ಇಳಿಬಿಟ್ಟು ಮುಚ್ಚಿದ್ದಾಯಿತು. ಛಾವಣಿಯಲ್ಲಿ ಬೆಳಕಿನ ಶೀಟ್‌ಗಳಿವೆ, ಅದಕ್ಕೆ ಏಳು ಗಂಟೆಗೆ ಮೊದಲು ಏನೂ ಶುರುವಿಲ್ಲ.

ಕ್ಯಾಮೆರಾ ಎಲ್ಲಿ, ಚಕ್ರ ಎತ್ತ

ಫುಲ್ ಫ್ರೇಮ್ (ಹಳೆಯ 35 ಎಂ.ಎಂ. ಫಿಲ್ಮಿನಷ್ಟು ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 70 ಎಂ.ಎಂ. ಲೆನ್ಸ್, ಗಾಡಿಯಿಂದ 40 ಅಡಿ. ಫ್ರೇಮಿನಲ್ಲಿ ಸುಮಾರು 20 ಅಡಿ ಅಗಲ ಹಿಡಿಯುತ್ತದೆ, ಅಂದರೆ ಗಾಡಿಯ ಎರಡೂ ತುದಿಗೆ ಎರಡೂವರೆ ಅಡಿ ಉಸಿರಾಡಲು ಜಾಗ. ಶೆಡ್ 60 ಅಡಿ ಉದ್ದ ಇದ್ದದ್ದಕ್ಕೆ ಇದು ಸಾಧ್ಯವಾಯಿತು. ಚಿಕ್ಕ ಜಾಗದಲ್ಲಿ 24 ಎಂ.ಎಂ. ಹಾಕಿ ಹತ್ತಿರ ಹೋದರೆ ಮೂತಿ ಉಬ್ಬಿ, ಡಿಕ್ಕಿ ಕುಗ್ಗಿ, ಕಾಂಟೆಸ್ಸಾ ಮೀನಿನ ಹಾಗೆ ಕಾಣುತ್ತದೆ. ಎತ್ತರ ಹೆಡ್‌ಲೈಟಿನ ಮಟ್ಟ, 70 ಸೆಂಟಿಮೀಟರ್ ಆಸುಪಾಸು. ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ಪಾರ್ಕಿಂಗ್ ಜಾಗದಲ್ಲಿ ಕಂಡ ಗಾಡಿ, ಅಷ್ಟೇ.

ಓರೆಯಿಂದ ಮೂತಿ ಮತ್ತು ಮಗ್ಗುಲು ಎರಡೂ ತೋರಿಸುವ ಫೋಟೊದಲ್ಲಿ ಮುಂದಿನ ಚಕ್ರದ ಮುಖ ಕ್ಯಾಮೆರಾಗೆ ಕಾಣಬೇಕು, ಟೈರಿನ ನೆಲ ತಾಗುವ ಬಟನ್ ಅಲ್ಲ. ಕ್ಯಾಮೆರಾ ಗಾಡಿಯ ಎಡ ಮುಂಭಾಗದಲ್ಲಿದ್ದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 11, ಶಟರ್ 2 ಸೆಕೆಂಡ್. ಜೊತೆಗೆ ಎರಡು ಸ್ಟಾಪ್ ಕೆಳಗೆ ಒಂದು ಫ್ರೇಮ್, ಮೇಲೆ ಒಂದು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು). ಕ್ರೋಮ್ ಬಿಳಿಯಾಗಿ ಸುಟ್ಟರೆ ಕೆಳಗಿನದರಿಂದ ತರಬಹುದು, ಟೈರು ಗ್ರಿಲ್ಲುಗಳ ವಿವರ ಮೇಲಿನದರಿಂದ. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಬಿಟ್ಟದ್ದು. ಫ್ರೇಮ್‌ಗಳ ನಡುವೆ ಯಾರೂ ಡೋರ್ ತೆಗೆಯಬಾರದು, ಗಾಡಿಗೆ ಒರಗಬಾರದು. ಒಬ್ಬರು ಒಳಗೆ ಕೂತು ಇಳಿದರೆ ಸ್ಪ್ರಿಂಗ್ ಮೊದಲಿನ ಮಟ್ಟಕ್ಕೇ ಬರುತ್ತದೆ ಅನ್ನುವಂತಿಲ್ಲ. ಮೂರು ಮಿಲಿಮೀಟರ್ ವ್ಯತ್ಯಾಸ ಸಾಕು, ಫ್ರೇಮ್‌ಗಳು ಒಂದರ ಮೇಲೊಂದು ಕೂರುವುದಿಲ್ಲ. ಎರಡನೇ ರಾತ್ರಿಯ ಒಂದು ಸೆಟ್ ಪೂರ್ತಿ ಹೋದದ್ದು ಹೀಗೆ.

ಲೆನ್ಸಿನ ಮುಂದೆ ಹಾಕುವ ಪೋಲರೈಜರ್ ಫಿಲ್ಟರ್ ಬಗ್ಗೆ ಒಂದು ಮಾತು. ಅದನ್ನು ತಿರುಗಿಸಿದರೆ ಗಾಜಿನ ಮೇಲಿನ ಪ್ರತಿಫಲನ ಹೋಗಿ ಸೀಟು ಕಾಣುತ್ತದೆ, ನಿಜ. ಕ್ಲಿಯರ್ ಕೋಟಿನದೂ ಹೋಗುತ್ತದೆ, ಅದರೊಂದಿಗೆ ಎರಡು ದಿನ ಕಟ್ಟಿದ ಬೆಳಕಿನ ಗೆರೆಯೂ. ಬರೀ ಲೋಹವಾದ ಕ್ರೋಮ್ ಮೇಲೆ ಅದರ ಆಟ ಹೆಚ್ಚು ನಡೆಯದು. ಅದಕ್ಕೆ ಗಾಜಿಗೊಂದು ಫ್ರೇಮ್, ಬಾಡಿಗೊಂದು ಫ್ರೇಮ್, ಆಮೇಲೆ ಕಂಪ್ಯೂಟರಿನಲ್ಲಿ ಬೇಡದ ಭಾಗ ಮುಚ್ಚುವ ಮಾಸ್ಕ್ ಹಾಕಿ ಸೇರಿಸುವುದು. ಪೋಲರೈಜರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಶಟರ್ ಅಷ್ಟು ಉದ್ದ ಮಾಡಿಕೊಳ್ಳಬೇಕು.

ಟ್ಯೂಬ್ ಹಿಡಿದು ನಡೆಯುವುದು

ಮೂರನೇ ರಾತ್ರಿ ಚಪ್ಪರ ಇಳಿಸಿ, ಪೂರ್ತಿ ಕತ್ತಲಲ್ಲಿ ಒಂದೇ ಒಂದು 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್‌ಲೈಟ್. ಇದರ ಬೆಳಕು ಎರಡೂ ಪಕ್ಕಕ್ಕೆ ಸೋರುತ್ತದೆ. ಪಟ್ಟಿಯ ಉದ್ದಕ್ಕೂ ಮೂರಿಂಚಿನ ಕಪ್ಪು ರಟ್ಟು ಎರಡೂ ಕಡೆ ರೆಕ್ಕೆಯಂತೆ ಅಂಟಿಸಿದರೆ ಲೆನ್ಸಿಗೆ ನೇರ ಬೀಳುವುದು ತಪ್ಪುತ್ತದೆ. ಐಎಸ್‌ಒ 100, ಎಫ್ 8, 20 ಸೆಕೆಂಡ್. ಹಿಡಿದವರು ಕಪ್ಪು ಬಟ್ಟೆ ಹಾಕಿ, ಗಾಡಿಗೆ ಮೂರು ಅಡಿ ದೂರದಲ್ಲಿ, ಟ್ಯೂಬನ್ನು ಗಾಡಿಯ ಉದ್ದಕ್ಕೆ ಸಮನಾಗಿ ರೂಫಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಹಿಡಿದು ನಡೆಯಬೇಕು. ಬಂಪರಿಗಿಂತ ಮೂರಡಿ ಮುಂಚೆ ಶುರು, ಡಿಕ್ಕಿ ದಾಟಿ ಮೂರಡಿಗೆ ನಿಲ್ಲಿಸುವುದು. ಒಟ್ಟು 21 ಅಡಿ. 20 ಸೆಕೆಂಡಿಗೆ ಹಂಚಿದರೆ ಎರಡು ಸೆಕೆಂಡಿಗೆ ಒಂದು ಹೆಜ್ಜೆ. ಮನಸ್ಸಿನಲ್ಲಿ ಎಣಿಸಿಕೊಂಡೇ ನಡೆಯಬೇಕು. ನಡುವೆ ತಡೆದರೆ ಅಲ್ಲಿ ಗೆರೆ ದಪ್ಪ ಮತ್ತು ಬಿಳಿ, ಕೈ ಅಲುಗಿದರೆ ಡೋರಿನಲ್ಲಿ ಅಲೆ. ಹನ್ನೊಂದು ಬಾರಿ ನಡೆದದ್ದರಲ್ಲಿ ಬಳಸಬಹುದಾದವು ನಾಲ್ಕು.

ಬಾನೆಟ್‌ಗೆ ಒಂದು ಫ್ರೇಮ್, ಮಗ್ಗುಲಿಗೆ ಒಂದು, ಗಾಡಿಯ ಹಿಂದಿನಿಂದ ರೂಫಿನ ಅಂಚಿಗೆ ಒಂದು, ಚಕ್ರಗಳಿಗೆ ಒಂದು. ಫೋಟೊ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಪದರ ಪದರವಾಗಿ ಪೇರಿಸಿ ಲೈಟನ್ ಓನ್ಲಿ ಮೋಡ್ ಕೊಟ್ಟರೆ ಪ್ರತಿ ಪದರದಿಂದ ಬೆಳಗಿದ ಭಾಗ ಮಾತ್ರ ಉಳಿಯುತ್ತದೆ, ನಡೆದವರ ಕಾಲಿನ ನೆರಳು ಬಿಟ್ಟುಹೋಗುತ್ತದೆ. ಹೆಡ್‌ಲೈಟಿಗೆ ಬೇರೆಯದೇ ಫ್ರೇಮ್, ಅರ್ಧ ಸೆಕೆಂಡ್. 20 ಸೆಕೆಂಡ್ ಉರಿಯಲು ಬಿಟ್ಟರೆ ಮೂತಿಯೇ ಕಾಣುವುದಿಲ್ಲ. ಹ್ಯಾಲೊಜೆನ್ನಿನ ಹಳದಿಯನ್ನು ಸರಿಮಾಡಲು ಹೋಗಿಲ್ಲ. ಆ ಕಾಲದ ಗಾಡಿಗೆ ಆ ಹಳದಿಯೇ ಸರಿ.

ಎಣಿಸದೇ ಇದ್ದ ತೊಂದರೆ ನಂಬರ್ ಪ್ಲೇಟಿನದು. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗೂ ಈಗ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಬೇಕಲ್ಲ, ಆ ಪ್ಲೇಟಿನ ಹಾಳೆ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಟ್ಯೂಬ್ ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ಪ್ಲೇಟು ಬಿಳಿ ಚೌಕ. ಬಾನೆಟ್ ಫ್ರೇಮ್‌ಗೆ ಅದರ ಮೇಲೆ ಕಪ್ಪು ಬಟ್ಟೆ ಮುಚ್ಚಿದೆವು, ಚಕ್ರದ ಫ್ರೇಮ್‌ನಲ್ಲಿ ತೆಗೆದೆವು.

ಅಗಲವಾದ ಮೃದು ಬೆಳಕು ಬಫಿಂಗ್ ಗೀರುಗಳನ್ನು ಮುಚ್ಚಿಬಿಡುತ್ತದೆ, ಪೇಂಟ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ರಿಸ್ಟೋರೇಷನ್ ದಾಖಲೆಗೆ ಅಂತ ಬರೀ ಟಾರ್ಚ್ ಬೆಳಕಿನಲ್ಲೂ ಎಲ್ಲ ಪ್ಯಾನೆಲ್ ತೆಗೆದಿಟ್ಟಿದೆ. ಬಲ ಹಿಂದಿನ ಡೋರಿನಲ್ಲಿ ಜೇಡರ ಬಲೆಯಂಥ ಸುತ್ತುಗೀರು ಸ್ಪಷ್ಟ.

ಸಂಜೆ, ಕೆರೆ ಅಂಗಳ

ಹೊರಗಿನ ಫೋಟೊಗೆ ಮೊದಲು ನೋಡಿದ್ದು ದೇವರಾಯನದುರ್ಗದ ರಸ್ತೆ. ಜಾಗ ಚಂದ, ಫೋಟೊಗಲ್ಲ. ಎರಡೂ ಕಡೆ ಮರ, ಡೋರಿನ ತುಂಬ ಎಲೆ. ತೋಟದ ಪಕ್ಕ ನಿಲ್ಲಿಸಿದರೆ ತೆಂಗಿನ ಕಾಂಡಗಳು ಮಗ್ಗುಲಿಗೆ ಬರೆ ಎಳೆದ ಹಾಗೆ. ತುಮಕೂರು ಸೀಮೆಯಲ್ಲಿ ತೆಂಗಿಲ್ಲದ ದಿಗಂತ ಬೇಕಂದರೆ ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳವೇ ಗತಿ.

ಗಾಡಿಯನ್ನು ಉತ್ತರ ದಕ್ಷಿಣಕ್ಕೆ ನಿಲ್ಲಿಸಿ, ಕ್ಯಾಮೆರಾ ಪಡುವಣಕ್ಕೆ ಬೆನ್ನು ಮಾಡಬೇಕು. ಸೂರ್ಯ ಮುಳುಗಿದ ಮೇಲೆ ಪಡುವಣದ ಆಕಾಶ ಇಡೀ ಒಂದು ಫ್ಲೆಕ್ಸ್ ಚಪ್ಪರದ ಕೆಲಸ ಮಾಡುತ್ತದೆ, ದಿಗಂತದ ಗೆರೆ ಡೋರಿನ ನಡುವೆ ನೇರ ಓಡುತ್ತದೆ. ಸಮಯ ಮಾತ್ರ ಕಮ್ಮಿ. ಹೊರದೇಶದ ವಿಡಿಯೊಗಳಲ್ಲಿ ಮುಸ್ಸಂಜೆ ಒಂದು ಗಂಟೆ ಸಿಗುತ್ತದೆ ಅನ್ನುತ್ತಾರೆ. 13 ಡಿಗ್ರಿ ಅಕ್ಷಾಂಶದ ನಮಗೆ ಬಳಸುವಂಥ ಬೆಳಕು ಸೂರ್ಯ ಮುಳುಗಿದ ಹತ್ತನೇ ನಿಮಿಷದಿಂದ ಇಪ್ಪತ್ತನೇ ನಿಮಿಷದವರೆಗೆ. ಎಫ್ 8ರಲ್ಲಿ ಹತ್ತನೇ ನಿಮಿಷಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗವಿದ್ದ ಶಟರ್, ಇಪ್ಪತ್ತನೆಯದಕ್ಕೆ ಒಂದು ಸೆಕೆಂಡ್ ದಾಟಿತು. ಫೋಕಸ್ ಮುಂಚೆಯೇ ಮಾಡಿ ಮ್ಯಾನುಯಲ್‌ಗೆ ಹಾಕಿಡದಿದ್ದರೆ ಆ ಹತ್ತು ನಿಮಿಷ ಲೆನ್ಸ್ ಹುಡುಕಾಟದಲ್ಲೇ ಹೋಗುತ್ತದೆ. ಗಾಡಿ ಕೊನೆಯ ನೂರು ಅಡಿ ತಳ್ಳಿಕೊಂಡು ಹೋಗುವುದು ಒಳ್ಳೆಯದು, ಓಡಿಸಿದರೆ ಎದ್ದ ಧೂಳು ನೇರ ಬಾನೆಟ್‌ಗೆ.

ಬಾಕಿ

ಎಂಜಿನ್ ಬೇ ಆಗಿಲ್ಲ. ಅದಕ್ಕೆ ಚಪ್ಪರ ಬೇಡ, ಎತ್ತಿದ ಬಾನೆಟ್ಟೇ ಬೆಳಕಿಗೆ ಅಡ್ಡ; ಎರಡು ಥರ್ಮೊಕೋಲ್ ಹಾಳೆ ಎರಡೂ ಫೆಂಡರ್ ಮೇಲೆ ಓರೆ ನಿಲ್ಲಿಸಿ ಬೌನ್ಸ್ ಮಾಡುವ ಯೋಚನೆ ಇದೆ. ಡಿಕ್ಕಿ ಕಡೆಯ ಫ್ರೇಮ್‌ಗಳನ್ನು ಮತ್ತೆ ತೆಗೆಯಬೇಕು. ಎಡ ಹಿಂದಿನ ಟೈರಿನ ವಾಲ್ವ್ ಸೋರಿ ಗಾಳಿ 28ರಿಂದ 20ಕ್ಕೆ ಇಳಿದಿತ್ತು, ಬಂಪರ್ ಒಂದು ಮಗ್ಗುಲಿಗೆ ವಾಲಿರುವುದು ಸ್ಕ್ರೀನಿನಲ್ಲಿ ಅಡ್ಡಗೆರೆ ಎಳೆದು ನೋಡಿದಾಗಲೇ ಗೊತ್ತಾದದ್ದು. ವಾಲ್ವ್ ಬದಲಾಯಿಸಿದ್ದಾಗಿದೆ, ಶನಿವಾರ ರಾತ್ರಿ ಮತ್ತೆ ಚಪ್ಪರ ಏರುತ್ತದೆ.