ಶುರುವಾದದ್ದು ದವಡೆಯಲ್ಲಿ

ಹಾರ್ಟ್ ಅಟ್ಯಾಕ್ ಅಂದರೆ ಎದೆ ಹಿಡಿದುಕೊಂಡು ಕುಸಿದು ಬೀಳುವುದು ಅನ್ನುವ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ನನಗೆ ಎದೆ ನೋಯಲೇ ಇಲ್ಲ. ನೋವು ಬಂದದ್ದು ಕೆಳದವಡೆಗೆ, ಅದೂ ಎರಡೂ ಕಡೆ. ಆಗ ನನಗೆ ನಲವತ್ತೊಂಬತ್ತು ವರ್ಷ. ನಲವತ್ತೈದು ದಾಟಿದವರು, ಅದರಲ್ಲೂ ಹೆಂಗಸರು, ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಮೊದಲ ಸಲ ಅದು ಬಂದದ್ದು ಆಫೀಸಿನ ಮೆಟ್ಟಿಲು ಹತ್ತುವಾಗ. ಎರಡನೇ ಮಹಡಿ ತಲುಪುವಷ್ಟರಲ್ಲಿ ದವಡೆಯನ್ನು ಒಳಗಿನಿಂದ ಯಾರೋ ಬಿಗಿಯಾಗಿ ಒತ್ತಿದ ಹಾಗಾಯಿತು. ಉಸಿರೂ ಸ್ವಲ್ಪ ಜಾಸ್ತಿಯೇ ಮೇಲೆ ಬಂತು. ಕುರ್ಚಿಯಲ್ಲಿ ಕೂತೆ, ಕೆಲವೇ ನಿಮಿಷದಲ್ಲಿ ಹೋಯಿತು. ಪಕ್ಕದ ಮೇಜಿನ ಗೆಳತಿ "ಹಲ್ಲಿಗೆ ಏನೋ ಆಗಿರಬೇಕು, ಡೆಂಟಿಸ್ಟ್‌ಗೆ ತೋರಿಸಿ" ಅಂದಳು. ಆದರೆ ಹಲ್ಲು ನೋವು ತಣ್ಣೀರು ಕುಡಿದರೆ, ಗಟ್ಟಿಯಾದದ್ದು ಅಗಿದರೆ ಜಾಸ್ತಿಯಾಗುತ್ತದೆ. ಮೆಟ್ಟಿಲು ಹತ್ತಿದರೆ ಬಂದು, ಕೂತರೆ ಹೋಗುವ ಹಲ್ಲು ನೋವು ಎಲ್ಲಿದೆ? ಅದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆ ಸಂಜೆಯೇ ಡಾಕ್ಟರ ಹತ್ತಿರ ಮರುದಿನಕ್ಕೆ ಸಮಯ ಕೇಳಿಕೊಂಡೆ.

ಆ ಸಮಯದವರೆಗೂ ಅದು ಕಾಯಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದೆ. ಅದೇ ಬಿಗಿತ ಮತ್ತೆ ಬಂತು. ಈ ಸಲ ಕೂತರೂ ಹೋಗಲಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ತೊಳಸಿದ ಹಾಗಾಯಿತು. ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗೆ. ಸ್ನಾನದ ನೀರು ಒರೆಸಿಕೊಂಡ ಮೇಲೂ ಹಣೆಯಲ್ಲಿ ಹನಿ ಮೂಡುತ್ತಲೇ ಇದ್ದವು.

"ರೀ, ಆಸ್ಪತ್ರೆಗೆ ಹೋಗಬೇಕು, ಈಗಲೇ" ಅಂದೆ.

"ಗ್ಯಾಸ್ ಇರಬಹುದು ಕಣೇ. ಸ್ವಲ್ಪ ಹೊತ್ತು ಮಲಗು, ನೋಡೋಣ" ಅಂದರು ನನ್ನ ಗಂಡ. ಅವರ ಮುಖದಲ್ಲಿ ಭಯ ಇತ್ತು. ಭಯ ಆದಾಗಲೇ ಅಲ್ವಾ ನಾವೆಲ್ಲ ಗ್ಯಾಸ್ ಅನ್ನುವುದು.

"ಗ್ಯಾಸ್ ಆಗಿದ್ದರೆ ಅದನ್ನು ಡಾಕ್ಟರೇ ಹೇಳಲಿ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ."

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಕಾರಣ ನನ್ನ ದೊಡ್ಡಮ್ಮ. ಭುಜ ನೋವು ಅಂತ ಅವರು ರಾತ್ರಿಯೆಲ್ಲ ಒದ್ದಾಡಿದ್ದರು. ಮನೆಯವರು ಎಣ್ಣೆ ಹಚ್ಚಿ ತಿಕ್ಕಿದ್ದರು. ಬೆಳಗಾದ ಮೇಲೆ ಹೋಗೋಣ ಅಂದುಕೊಂಡರು, ಬೆಳಗಾಗುವಷ್ಟರಲ್ಲಿ ಅವರೇ ಇರಲಿಲ್ಲ. ಆ ಮನೆಯವರನ್ನು ನಾನು ದೂರುವುದಿಲ್ಲ, ಭುಜ ನೋವು ಹೃದಯದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೃದಯದಿಂದ ಬರುವ ನರಗಳೂ ತೋಳು, ಭುಜ, ಕುತ್ತಿಗೆ, ದವಡೆಯಿಂದ ಬರುವ ನರಗಳೂ ಒಳಗೆ ಒಂದೇ ಜಾಗಗಳಿಗೆ ಹೋಗಿ ಸೇರುತ್ತವೆ. ಸುದ್ದಿ ಎಲ್ಲಿಂದ ಬಂತು ಅಂತ ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಹೃದಯದ ನೋವು ತೋಳಲ್ಲಿ, ಬೆನ್ನಲ್ಲಿ, ದವಡೆಯಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಗಿಂತ ಹೆಚ್ಚಾಗಿ ಉಸಿರು ಕಟ್ಟುವುದು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಮಾತ್ರ ಇರಬಹುದು.

ಕಾರಲ್ಲೇ ಬೇಗ ಹೋಗಿಬಿಡೋಣ ಅಂದರು ನನ್ನವರು. ನಾನು ಬೇಡ ಅಂದೆ. ಹಾರ್ಟ್ ಅಟ್ಯಾಕ್‌ನಲ್ಲಿ ಮೊದಲ ಗಂಟೆಗಳ ದೊಡ್ಡ ಅಪಾಯ ಅಂದರೆ ಹೃದಯ ತಾಳ ತಪ್ಪಿ ಸುಮ್ನೆ ಅದುರತೊಡಗುವುದು. ಆಗ ರಕ್ತ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಸರಿ ಮಾಡಲು ಶಾಕ್ ಕೊಡುವ ಯಂತ್ರ ಬೇಕು, ಅದು ಕಾರಿನ ಹಿಂದಿನ ಸೀಟಿನಲ್ಲಿ ಇರುವುದಿಲ್ಲ. ಆಂಬ್ಯುಲೆನ್ಸ್‌ನಲ್ಲಿ ಬಂದ ಹುಡುಗ ಆಸ್ಪಿರಿನ್ ಅಲರ್ಜಿ ಇದೆಯಾ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತಾ ಅಂತ ಕೇಳಿದ. ಇಲ್ಲ ಅಂದ ಮೇಲೆ 300 ಮಿಲಿಗ್ರಾಂ ಮಾತ್ರೆ ಕೈಗೆ ಕೊಟ್ಟು, "ನುಂಗಬೇಡಿ ಅಮ್ಮ, ಚೆನ್ನಾಗಿ ಅಗಿಯಿರಿ" ಅಂದ. ಅಗಿದರೆ ಅದು ರಕ್ತಕ್ಕೆ ಬೇಗ ಸೇರುತ್ತದೆ, ಹೃದಯದ ನಾಳದಲ್ಲಿ ರಕ್ತದ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಬಾಯೆಲ್ಲ ಹುಳಿ ಹುಳಿ ಪುಡಿ. ಆ ರುಚಿ ಇನ್ನೂ ನೆನಪಿದೆ.

ಆಸ್ಪತ್ರೆಯಲ್ಲಿ ಹೋದ ಕೂಡಲೇ ಇಸಿಜಿ ತೆಗೆದರು. ನಾರ್ಮಲ್ ಇತ್ತು.

ಎಷ್ಟೋ ಜನ ಇಲ್ಲಿಂದಲೇ ಮನೆಗೆ ವಾಪಸ್ ಹೋಗುತ್ತಾರೆ. ನನ್ನ ಗಂಡ ದೊಡ್ಡದೊಂದು ಉಸಿರು ಬಿಟ್ಟರು. ಆದರೆ ಡ್ಯೂಟಿಯಲ್ಲಿದ್ದ ಹುಡುಗಿಯಂಥ ಡಾಕ್ಟರು ಆ ಉದ್ದನೆಯ ಕಾಗದವನ್ನು ಮಡಿಸಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ನೋವು ಎಷ್ಟು ಹೊತ್ತು ಇತ್ತು, ಏನು ಮಾಡುವಾಗ ಬಂತು, ಮುಟ್ಟು ನಿಂತಿದೆಯಾ ಅಂತ ಒಂದೊಂದೇ ಕೇಳಿದರು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ ಬಂತು: "ಬಸುರಿಯಾಗಿದ್ದಾಗ ಬಿಪಿ ಏರಿತ್ತಾ?"

ಏರಿತ್ತು. ಮಗಳು ಹುಟ್ಟುವ ಮೊದಲು ಕಾಲು, ಮುಖ ಊದಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಹೆರಿಗೆ ಆದ ಮೇಲೆ ಬಿಪಿ ಇಳಿಯಿತು, ಅಲ್ಲಿಗೆ ಆ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು. ಬಸಿರಿನಲ್ಲಿ ಬಿಪಿ ಏರಿದವರಿಗೆ, ಆಗ ಸಕ್ಕರೆ ಕಾಣಿಸಿಕೊಂಡವರಿಗೆ ಮುಂದೆ ಹೃದಯದ ಕಾಯಿಲೆಯ ಅಪಾಯ ಜಾಸ್ತಿ ಅಂತ ಅಷ್ಟು ವರ್ಷಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನವೇ ಪ್ರತಿ ತಾಯಿಗೂ ಇದನ್ನು ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಒಟ್ಟಿಗೆ ಬಂದು ಕೂರುವ ವಯಸ್ಸು ಅದು.

"ಒಂದು ಇಸಿಜಿ ನೋಡಿ ನಿಮ್ಮನ್ನು ಕಳಿಸೋಕೆ ಆಗಲ್ಲ" ಅಂದರು ಡಾಕ್ಟರು. ಹೃದಯದ ಸ್ನಾಯು ಪೆಟ್ಟು ತಿಂದರೆ ಟ್ರೋಪೋನಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಅದು ಪರೀಕ್ಷೆಗೆ ಸಿಗುವಷ್ಟಾಗಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಒಮ್ಮೆ ರಕ್ತ ತೆಗೆದು, ಮೂರು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆದರು. ಮೊದಲನೆಯದು ಗಡಿಯಲ್ಲಿತ್ತು. ಎರಡನೆಯದು ಗಡಿ ದಾಟಿ ಎಷ್ಟೋ ಮೇಲೆ ಹೋಗಿತ್ತು. ಹಾರ್ಟ್ ಅಟ್ಯಾಕ್ ಅಂತ ಖಚಿತವಾಯಿತು. ಇಸಿಜಿ ನಾರ್ಮಲ್ ಬಂದ ಮೇಲೂ ನೋವು ಇದ್ದರೆ, ಅಥವಾ ಹೋಗಿ ಮತ್ತೆ ಬಂದರೆ, "ಟ್ರೋಪೋನಿನ್ ನೋಡಿದ್ದೀರಾ? ಮತ್ತೊಮ್ಮೆ ನೋಡಬೇಕಾ?" ಅಂತ ಬಾಯಿ ಬಿಟ್ಟು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಮರುದಿನ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳ ಎಕ್ಸ್‌ರೇ ಚಿತ್ರ. ಮಣಿಕಟ್ಟಿನ ನಾಡಿಯಲ್ಲಿ ಸಣ್ಣ ಕೊಳವೆ ಹಾಕಿದರು. ಎಚ್ಚರವಾಗಿಯೇ ಇದ್ದೆ. ತೆರೆಯ ಮೇಲೆ ನನ್ನದೇ ರಕ್ತನಾಳಗಳು ಎಲೆ ಉದುರಿದ ಕೊಂಬೆಗಳ ಹಾಗೆ ಕಾಣುತ್ತಿದ್ದವು. ಹೃದಯದ ಮುಂಭಾಗಕ್ಕೆ ಹೋಗುವ ದೊಡ್ಡ ನಾಳದಲ್ಲಿ ಒಂದು ಕಡೆ ಕೊಂಬೆ ದಾರದಷ್ಟು ಸಣ್ಣಗಾಗಿತ್ತು. "ಇಲ್ಲಿ ಬಲೂನು ಉಬ್ಬಿಸ್ತೀವಿ, ಸ್ವಲ್ಪ ಹೊತ್ತು ಅನ್‌ಕಂಫರ್ಟಬಲ್ ಆಗಬಹುದು" ಅಂದರು. ಉಬ್ಬಿಸಿದ ಕ್ಷಣಗಳಲ್ಲಿ ಆ ನಾಳದಲ್ಲಿ ರಕ್ತ ಪೂರ್ತಿ ನಿಲ್ಲುತ್ತದೆ. ಆಗ ದವಡೆಯಲ್ಲಿ ಅದೇ ಬಿಗಿತ ಬಂತು, ಅದೇ ಜಾಗ, ಎರಡೂ ಕಡೆ. ಬಲೂನು ಇಳಿಸಿದರು, ನೋವು ಹೋಯಿತು. ನನ್ನ ದವಡೆಗೂ ಹೃದಯಕ್ಕೂ ಇದ್ದ ನಂಟನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಲಾರರು. ಅಲ್ಲಿ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿ ಮುಗಿಸಿದರು. ಹೀಗೆ ಎಚ್ಚರವಿರುವ ಮನುಷ್ಯನ ಹೃದಯದ ನಾಳವನ್ನು ಮೊದಲ ಸಲ ಬಲೂನಿನಿಂದ ಬಿಡಿಸಿದ್ದು 1977ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಆಂಡ್ರಿಯಾಸ್ ಗ್ರುಂಟ್ಸಿಗ್ ಅನ್ನುವ ವೈದ್ಯ. ಆಗಿನ್ನೂ ನಾನು ಸಣ್ಣವಳು. ಆ ಮನುಷ್ಯನನ್ನು ನೆನೆದಾಗೆಲ್ಲ ಕಣ್ಣು ತುಂಬಿ ಬರುತ್ತದೆ.

ಸ್ಟೆಂಟ್ ಹಾಕಿದ ಮೇಲೆ ರಿಪೇರಿ ಮುಗಿಯಿತು ಅಂತ ಅನ್ನಿಸುತ್ತದೆ. ಹಾಗಲ್ಲ. ಸ್ಟೆಂಟ್ ಒಂದು ಜಾಗವನ್ನು ಮಾತ್ರ ಸರಿ ಮಾಡುತ್ತದೆ. ಕೊಬ್ಬು ಕಟ್ಟುವ ಕೆಲಸ ಎಲ್ಲ ನಾಳಗಳಲ್ಲೂ ನಡೆದೇ ಇರುತ್ತದೆ. ಅರ್ಧವೂ ಮುಚ್ಚದ ಜಾಗದಲ್ಲಿ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಅಟ್ಯಾಕ್ ಆಗುವುದೂ ಉಂಟು. ಆದ್ದರಿಂದ ಮಾತ್ರೆಗಳು ಮುಖ್ಯ. ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆಯ ಮಾತ್ರೆ ಕೊಟ್ಟರು, ಡಾಕ್ಟರು ಹೇಳದೆ ಒಂದು ದಿನವೂ ಬಿಡಬಾರದು ಅಂತ ಹೇಳಿದರು. ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಬಹುದು. ಕೊಲೆಸ್ಟರಾಲ್‌ಗೆ ಸ್ಟಾಟಿನ್ ಕೊಟ್ಟರು. ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 148 ಇತ್ತು, 55ರ ಕೆಳಗೆ ಬರಬೇಕು ಅಂದರು. ಸ್ಟಾಟಿನ್ ಬಗ್ಗೆ ಹೆದರಿಸುವ ಮೆಸೇಜುಗಳು ನನಗೂ ಬಂದವು. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳೋಣ, ಅವರು ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ಮೆಸೇಜು ನೋಡಿ ನಿಲ್ಲಿಸುವುದು ಬೇಡ. ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆ ಅನ್ನುವುದೂ ಅಂಥದ್ದೇ ಒಂದು ಮೆಸೇಜು. ಕೆಮ್ಮುತ್ತಾ ಕೂತು ಸಮಯ ಕಳೆದುಕೊಳ್ಳಬೇಡಿ.

ಮನೆಯಲ್ಲಿ ಬದಲಾದದ್ದು ಬಹಳ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಉಪ್ಪಿನ ಲೆಕ್ಕ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸುಮಾರು ಒಂದು ಟೀ ಚಮಚ. ಆದರೆ ಅಡುಗೆ ಮಾಡುವಾಗ ಯಾರು ಗ್ರಾಂ ಅಳೆಯುತ್ತಾರೆ? ಹಾಗಾಗಿ ಪೊಟ್ಟಣದ ಲೆಕ್ಕ ಹಿಡಿದೆ. ನಾವು ಮೂವರು, ತಿಂಗಳಿಗೆ 450 ಗ್ರಾಂ ದಾಟಬಾರದು. ಒಂದು ಕಿಲೋ ಪೊಟ್ಟಣದ ಮೇಲೆ ಒಡೆದ ತಾರೀಖು ಬರೆದಿಟ್ಟೆ. ತಿಂಗಳು ತುಂಬುವ ಮೊದಲೇ ಅದು ಖಾಲಿಯಾದದ್ದು ನೋಡಿ ಮೂವರೂ ಸುಮ್ಮನಾದೆವು. ಅದೂ ಪ್ಯಾಕೆಟ್ ತಿಂಡಿಗಳಲ್ಲಿ ಅಡಗಿರುವ ಉಪ್ಪನ್ನು ಬಿಟ್ಟು. ಈಗ ಸ್ವಲ್ಪ ಸ್ವಲ್ಪವೇ ಇಳಿಸಿದ್ದೇವೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ನಡಿಗೆಗೆ ಡಾಕ್ಟರು ಹೇಳಿದ ಗುರಿ ವಾರಕ್ಕೆ 150 ನಿಮಿಷ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಶುರುವಿನಲ್ಲಿ ಫಿಸಿಯೋಥೆರಪಿಸ್ಟ್ ಕಣ್ಣೆದುರೇ ನಡೆಸಿದರು. ಅದರಿಂದ ಕಾಲಿಗಿಂತ ಮನಸ್ಸಿಗೆ ಧೈರ್ಯ ಬಂತು. ಅಟ್ಯಾಕ್ ಆದ ಮೇಲೆ ಭಯ, ಅಳು, ನಿದ್ದೆ ಬರದಿರುವುದು ತುಂಬಾ ಜನರಿಗೆ ಆಗುತ್ತದೆ. ನನಗೂ ಆಯಿತು. ಅದನ್ನೂ ಡಾಕ್ಟರಿಗೆ ಹೇಳಬೇಕು, ಅದೂ ಚಿಕಿತ್ಸೆಯ ಭಾಗವೇ.

ಬಿಪಿ ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ. ಮನೆಯಲ್ಲಿ ನೋಡಿದಾಗ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ತೋರಿಸಬೇಕು.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅನ್ನುವ ಅಧ್ಯಯನ 52 ದೇಶಗಳಲ್ಲಿ ನಡೆದದ್ದು. ಮೊದಲ ಹಾರ್ಟ್ ಅಟ್ಯಾಕ್‌ನ ಅಪಾಯದಲ್ಲಿ ಶೇಕಡಾ 90ರಷ್ಟಕ್ಕೆ ಒಂಬತ್ತೇ ಕಾರಣಗಳು ಸಾಕು ಅಂತ ಅದು ತೋರಿಸಿತು. ಬೀಡಿ ಸಿಗರೇಟು, ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತರಕಾರಿ ಹಣ್ಣು ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ವಿಷಯ. ಇವುಗಳಲ್ಲಿ ಬಹುಪಾಲು ನಮ್ಮ ಕೈಲಿ ಇರುವಂಥವು. ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟ ಸಂಗತಿ ಇದು.

ಈಗ ನನ್ನ ಚಿಂತೆ ತಮ್ಮನದು. ಅವನಿಗೆ ನಲವತ್ತನಾಲ್ಕು. ಹತ್ತಿರದ ಸಂಬಂಧದಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಅಟ್ಯಾಕ್ ಆಗಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು. ಅಂದರೆ ನನಗೆ ಆದದ್ದು ಅವನ ಫೈಲಿನಲ್ಲೂ ಬರೆಯಬೇಕಾದ ವಿಷಯ. ಆಸ್ಪತ್ರೆಯಿಂದ ಬಂದ ವಾರವೇ ಫೋನ್ ಮಾಡಿ ಕೂರಿಸಿಕೊಂಡು ಹೇಳಿದೆ. "ಅಕ್ಕಾ, ನಂಗೇನೂ ಆಗಿಲ್ವಲ್ಲ" ಅಂದ. "ಏನೂ ಆಗದೆ ಇರುವಾಗಲೇ ನೋಡಿಸಿಕೊಳ್ಳಬೇಕು ಕಣೋ" ಅಂದೆ. ಹೋದ. ಬಿಪಿ 152/96, ಕೊಲೆಸ್ಟರಾಲ್ ಕೂಡ ಜಾಸ್ತಿ. ಬಿಪಿಗೆ ಮಾತ್ರೆ ಶುರುವಾಯಿತು. ಅವನಿಗೆ ಸಿಗರೇಟಿನ ಚಟವೂ ಇದೆ. ಸಿಗರೇಟು ಬಿಟ್ಟ ವರ್ಷದೊಳಗೆ ಹೃದಯದ ಕಾಯಿಲೆಯ ಅಪಾಯ, ಸೇದುತ್ತಲೇ ಇರುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಅವನ ಡಾಕ್ಟರು ಹೇಳಿದ್ದು ಅವನ ಮನಸ್ಸಿಗೆ ನಾಟಿದೆ. ಬಿಡುವ ಪ್ರಯತ್ನದಲ್ಲಿದ್ದಾನೆ, ನಿಕೋಟಿನ್ ಗಮ್ ಅಗಿಯುತ್ತಾನೆ. ಸೇದಬೇಕು ಅನ್ನಿಸಿದಾಗ ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು ಅಂತ ಹೇಳಿಟ್ಟಿದ್ದೇನೆ. ಮಾಡುತ್ತಿದ್ದಾನೆ.