ರೆಂಜೆ ಮರದ ಬುಡದಲ್ಲಿ ಕೊಟ್ಟ ಮಾತು

2019ರ ನವೆಂಬರ್ 3, ಭಾನುವಾರ ಬೆಳಿಗ್ಗೆ. ಗೇಟಿನ ಚಿಲಕದ ಸದ್ದಾದಾಗ ನಾನು ಬಾವಿಕಟ್ಟೆಯ ಬಳಿ ಇದ್ದೆ. ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳ ಮತದಾನಕ್ಕೆ ಒಂಬತ್ತೇ ದಿನ ಉಳಿದಿತ್ತು. ನಮ್ಮ ವಾರ್ಡಿನ ಅಭ್ಯರ್ಥಿ, ನಲವತ್ತರ ಆಸುಪಾಸಿನ ಹೆಣ್ಣುಮಗಳು, ಏಳೆಂಟು ಮಂದಿಯೊಡನೆ ಅಂಗಳಕ್ಕೆ ಬಂದು ಕೈಮುಗಿದರು. ಕೊಟ್ಟ ಕರಪತ್ರದಲ್ಲಿ ಒಂದು ಸಾಲು ಹೀಗಿತ್ತು: "ಬಡಾವಣೆಯ ಉದ್ಯಾನದ ಸಮಗ್ರ ಅಭಿವೃದ್ಧಿ."

ಓದಿ ಎದೆ ಧಸಕ್ಕೆಂದಿತು. ಉದ್ಯಾನವೆಂದು ನಾವು ಕರೆಯುವುದು ಗುಡ್ಡದ ಇಳಿಜಾರಿನ ಅರ್ಧ ಎಕರೆ ಜಾಗವನ್ನು. ಎರಡು ಹಲಸು, ಒಂದು ಗೋಳಿ, ಕಾಟುಮಾವು, ಪುನರ್ಪುಳಿ, ನಡುವೆ ಹಳೆಯದೊಂದು ರೆಂಜೆ, ಅಂದರೆ ಬಕುಳದ ಮರ. ಬೇಸಿಗೆ ರಜೆಯಲ್ಲಿ ಮಕ್ಕಳು ಬೆಳಕು ಹರಿಯುವ ಮೊದಲೇ ಬಂದು ಉದುರಿದ ರೆಂಜೆ ಹೂಗಳನ್ನು ಹೆಕ್ಕಿ ಬಾಳೆನಾರಿಗೆ ಪೋಣಿಸುತ್ತಾರೆ. ಹಿಂದೊಮ್ಮೆ ಇದೇ ಅಭಿವೃದ್ಧಿಯ ಹೆಸರಿನಲ್ಲಿ ಮೇಲಿನ ಅರ್ಧಕ್ಕೆ ಸಿಮೆಂಟ್ ಇಟ್ಟಿಗೆಗಳ ಇಂಟರ್‌ಲಾಕ್ ಹಾಸಿ, ರೆಂಜೆಯ ಬುಡಕ್ಕೆ ಒಂದು ಗೇಣೂ ಬಿಡದೆ ಕಾಂಕ್ರೀಟು ಸುರಿದಿದ್ದರು.

"ಐದು ನಿಮಿಷ ಉದ್ಯಾನಕ್ಕೆ ಬನ್ನಿ, ಅಲ್ಲೇ ಮಾತನಾಡೋಣ" ಎಂದೆ. ಜೊತೆಗಿದ್ದವರು ಗಡಿಯಾರ ನೋಡಿಕೊಂಡರು. ಆಕೆ ಬಂದರು. ಎದುರು ಮನೆಯ ಬಾಯಮ್ಮನವರೂ ಕೋಲೂರಿಕೊಂಡು ಹಿಂದೆಯೇ ಬಂದರು.

ಕ್ಯಾರ್ ಚಂಡಮಾರುತದ ಮಳೆ ಹೊಯ್ದು ವಾರ ಕಳೆದಿತ್ತಷ್ಟೆ. ಇಂಟರ್‌ಲಾಕಿನ ಮೇಲಿಂದ ಹರಿದ ನೀರು ರಸ್ತೆಯ ಅಂಚು ಕೊರೆದು ಚರಂಡಿಗಿಳಿದ ಗುರುತು ಹಾಗೆಯೇ ಇತ್ತು. ಕೆಳಗಿನ ಅರ್ಧದಲ್ಲಿ ಮಾತ್ರ ತರಗೆಲೆ ಹೊದ್ದ ಮಣ್ಣು ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುತ್ತಿತ್ತು. ಮುರಕಲ್ಲಿನ ನೆಲ ನಮ್ಮದು. ತೂತು ತೂತಾದ ಆ ಕಲ್ಲಿನ ಮೂಲಕ ಇಳಿದ ಮಳೆನೀರೇ ತಗ್ಗಿನ ಮನೆಗಳ ಬಾವಿಗೆ ಒರತೆಯಾಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಳ ಸೇರಿ, ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದನ್ನು ಯಾರೂ ಮರೆತಿರಲಿಲ್ಲ.

ಬಾಯಮ್ಮನವರು ತುಳುವಿನಲ್ಲಿ ಹೇಳಿದರು: "ನಲ್ಲಿ ನಿಂತಾಗ ನಾಲ್ಕು ಮನೆಯವರು ನನ್ನ ಬಾವಿಯಿಂದ ನೀರು ಒಯ್ದರು ಮಗಳೇ. ಆ ನೀರು ಬರುವುದು ಇಲ್ಲಿಂದ. ಇದನ್ನು ಮುಚ್ಚಬೇಡ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಕಮಾನು, ಓಪನ್ ಜಿಮ್, ಕೆಳಗಿನವರೆಗೂ ಇಂಟರ್‌ಲಾಕ್ ಎಂದು ಲೆಕ್ಕ ಹಾಕಿದ್ದೆ ಸರ್" ಎಂದರು. ಮುಚ್ಚುಮರೆಯಿಲ್ಲದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಕೆಳಗಿನ ಅರ್ಧವನ್ನು ಮಣ್ಣಾಗಿಯೇ ಉಳಿಸಿ, ರೆಂಜೆಯ ಸುತ್ತ ಮೂರಡಿ ಕಾಂಕ್ರೀಟು ಕೀಳಿಸಿ, ಮನೆ ಒಡೆದ ಕಲ್ಲುಮಣ್ಣನ್ನು ಇಲ್ಲಿ ಸುರಿಯಲು ಬಿಡಬೇಡಿ ಎಂದು ಕೇಳಿಕೊಂಡೆವು. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂಬ ಕಾಯ್ದೆ 1976ರದು. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೆ 1985ರ ಕಾಯ್ದೆ ಇದೆ. ಕಾನೂನಿಗೆ ಕೊರತೆಯಿಲ್ಲ. ಗುತ್ತಿಗೆದಾರನ ಲಾರಿ ಬಂದ ದಿನ ಎದುರು ನಿಲ್ಲುವವರು ಯಾರು ಎಂಬುದೇ ನನ್ನ ಚಿಂತೆಯಾಗಿತ್ತು.

"ಮರ ಬೇಕೆನ್ನುವವರೇ, ಅಂಗಳಕ್ಕೆ ತರಗೆಲೆ ಬೀಳುತ್ತದೆ, ಕೊಂಬೆ ಕಡಿಸಿ ಎಂದು ನಾಳೆ ಫೋನ್ ಮಾಡುತ್ತಾರಲ್ಲ ಸರ್?" ಎಂದು ಆಕೆ ಕೇಳಿದರು. ಸರಿಯಾದ ಪ್ರಶ್ನೆ. ನಮ್ಮ ಬೀದಿಯಲ್ಲೇ ಅಂಥವರು ಇಬ್ಬರಿದ್ದರು. ಅವರೊಡನೆ ಮಾತನಾಡುವ ಹೊಣೆ ನನ್ನದು ಎಂದು ನಾನೂ ಮಾತು ಕೊಟ್ಟೆ. ಆಕೆ ಕರಪತ್ರವನ್ನು ಮಗುಚಿ, ನನ್ನ ಪೆನ್ನಿನಿಂದ ಮೂರೂ ಮಾತುಗಳನ್ನು ಬರೆದು, ತಾರೀಕು ಹಾಕಿ ಸಹಿ ಮಾಡಿದರು.

ಆಕೆ ಗೆದ್ದರು. ಕಲ್ಲುಮಣ್ಣು ಸುರಿಯುವುದು ಬೇಗನೆ ನಿಂತಿತು. ಕಾಂಕ್ರೀಟಿನ ಸುದ್ದಿ ಮಾತ್ರ ಇರಲಿಲ್ಲ. ನಾನು ಎರಡು ಸಲ ನೆನಪಿಸಿದೆ. 2020ರ ಜೂನ್ ಮೊದಲ ವಾರ ಅವರೇ ಫೋನ್ ಮಾಡಿ, "ನಾಳೆ ಇಬ್ಬರು ಕೆಲಸದವರು ಬರುತ್ತಾರೆ, ಬೇರಿಗೆ ಏಟು ಬೀಳದಂತೆ ನೀವೇ ನಿಂತು ಮಾಡಿಸಿ ಸರ್" ಎಂದರು.

ಅಷ್ಟರಲ್ಲಿ ಎರಡು ಮಳೆ ಬಂದಿತ್ತು. ಆದರೂ ಮೊದಲ ಹಲಗೆಯಷ್ಟು ಕಾಂಕ್ರೀಟು ಎದ್ದಾಗ ಅಡಿಯ ಮಣ್ಣು ಬೂದಿಯಂತೆ ಒಣಗಿತ್ತು. ತುಂಡನ್ನು ಮಗುಚಿದರೆ, ಅದರ ಅಡಿಮೈಗೆ ಕೂದಲೆಳೆಯಂಥ ಬೇರುಗಳು ಬಲೆಯ ಹಾಗೆ ಹರಡಿ ಅಂಟಿಕೊಂಡಿದ್ದವು. ಹಾರೆ ಹಿಡಿದವನು ಅದನ್ನು ನೋಡಿ ಕೆಲಸ ನಿಲ್ಲಿಸಿದ. ಉಳಿದ ಅಂಚನ್ನು ಸಣ್ಣ ಉಳಿಯಿಂದ ಒಂದೊಂದೇ ಚೂರು ಎಬ್ಬಿಸಿದ. ಮಧ್ಯಾಹ್ನ ಮುಗಿಯಬೇಕಿದ್ದ ಕೆಲಸ ಸಂಜೆ ಐದಾಯಿತು.

ಆರು ಗಂಟೆಗೆ ಮಳೆ ಹಿಡಿಯಿತು. ಕೊಡೆ ಹಿಡಿದು ಮರದ ಬಳಿ ನಿಂತೆ. ನೀರು ಬುಡದ ಸುತ್ತ ತುಸು ಹೊತ್ತು ನಿಂತು, ಆಮೇಲೆ ಗುಳ್ಳೆ ಏಳಿಸುತ್ತ ಒಳಗಿಳಿಯತೊಡಗಿತು. ಬಾಯಮ್ಮನವರು ಜಗಲಿಯಿಂದಲೇ ಕೂಗಿ ಕೇಳಿದರು, ಇಳಿಯುತ್ತಿದೆಯೇ ಎಂದು. ಇಳಿಯುತ್ತಿದೆ ಎಂದೆ.